ಬೆಂಕಿ ಕಂಪನಿಯ ಮರಿ ಗಾಡಿ

ಅಲ್ಲಾಳಸಂದ್ರದ ನಮ್ಮ ಬಾಡಿಗೆ ಮನೆಯಲ್ಲಿ ದೇವರಿಗೆಂದು ಬೇರೆ ಕೋಣೆ ಇರಲಿಲ್ಲ. ಅಡುಗೆಮನೆಯ ಗೋಡೆಯಲ್ಲೊಂದು ಗೂಡು ಇತ್ತು. ಅದರಲ್ಲಿ ಎಲ್ಲಮ್ಮ, ಈಶ್ವರಲಿಂಗ, ಅಜ್ಜನ ಕಾಲದ ಒಂದು ಬೆಳ್ಳಿ ನಾಗ, ಇವರೆಲ್ಲರ ಬಲಗಡೆಗೆ ಕೆಂಪು ಬಣ್ಣದ ಒಂದು ಫೈರ್ ಎಂಜಿನ್ನು. ಆಟಿಕೆ ಅಂದುಕೊಳ್ಳಬೇಡಿ. ಆಟಿಕೆ ಅಂತ ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಿಜವಾದ ಗಾಡಿಯಲ್ಲಿ ಇಪ್ಪತ್ತನಾಲ್ಕು ಇಂಚು ಇದ್ದದ್ದು ಇದರಲ್ಲಿ ಒಂದಿಂಚು, ಸರಿಯಾಗಿ ಒಂದಿಂಚು. ಏಣಿ ಎಳೆದರೆ ಎರಡು ಪಟ್ಟು ಉದ್ದವಾಗುತ್ತಿತ್ತು. ಹಿಂದಿನ ಬಾಗಿಲು ತೆಗೆದರೆ ಒಳಗೆ ಪಂಪು, ಪಂಪಿನೊಳಗೆ ಕಿರುಬೆರಳ ಉಗುರಿನಷ್ಟು ಚಕ್ರ, ಊದಿದರೆ ಅದು ಗಿರ್ರನೆ ತಿರುಗುತ್ತಿತ್ತು. ಮುಂದೆ ಗಂಟೆ ಕೂಡ ಇತ್ತು, ಮೆಣಸಿನ ಕಾಳಿನಷ್ಟು ಗಂಟೆ. ಎರಡೂ ಕೈಯಲ್ಲಿ ಎತ್ತಬೇಕು, ಅಷ್ಟು ಭಾರ. ಅಪ್ಪ ಅದನ್ನು ಮರಿ ಅನ್ನುತ್ತಿದ್ದರು. ಅಪ್ಪ ಕೆಲಸ ಮಾಡುತ್ತಿದ್ದ ಯಶವಂತಪುರದ ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಹಾಗೇ ಕರೆಯುತ್ತಿದ್ದರು. ಹಸುವಿಗೆ ಕರು ಇದ್ದ ಹಾಗೆ ದೊಡ್ಡ ಗಾಡಿಗೆ ಮರಿ ಗಾಡಿ.

ಆ ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದು ಬೆಂಕಿ ಆರಿಸುವ ಗಾಡಿಗಳನ್ನು, ಆದರೆ ಸುತ್ತಮುತ್ತಲಿನವರ ಬಾಯಲ್ಲಿ ಅದು ಬೆಂಕಿ ಕಂಪನಿ. ನಿಜವಾದ ಹೆಸರು ಗೇಟಿನ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಇತ್ತು, ಯಾರೂ ಓದುತ್ತಿರಲಿಲ್ಲ. ಗದಗಿನ ಕಡೆಯಿಂದ ಬಂದ ನಮ್ಮಪ್ಪ ಶಂಕ್ರಪ್ಪ ಅಲ್ಲಿ ಪಂಪ್ ಟೆಸ್ಟರ್. ಒಂದು ಗಾಡಿ ತಯಾರಾಗಿ ಬಂದರೆ ಅದರ ಪಂಪನ್ನು ದೊಡ್ಡ ತೊಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ಮೂರು ತಾಸು ಒಂದೇ ಸಮನೆ ಓಡಿಸಬೇಕು. ಆ ಮೂರು ತಾಸು ಅಪ್ಪ ಕೂರುತ್ತಿರಲಿಲ್ಲ, ಚಹಾ ಕುಡಿಯುತ್ತಿರಲಿಲ್ಲ, ಮೂತ್ರಕ್ಕೂ ಹೋಗುತ್ತಿರಲಿಲ್ಲ. ಪಂಪಿನ ಮೈಗೆ ಅಂಗೈ ಹಚ್ಚಿಕೊಂಡು ನಿಲ್ಲುವುದು. ಬಿಸಿ ಎಲ್ಲಿ ಏರುತ್ತದೆ, ನಡುಕ ಎಲ್ಲಿ ಬದಲಾಗುತ್ತದೆ, ಅದನ್ನೆಲ್ಲ ಕೈಯೇ ಹೇಳಬೇಕು. ಮೂರು ತಾಸು ಮುಗಿದು ಎಲ್ಲ ಸರಿ ಇದ್ದರೆ ಒಂದು ಹಿತ್ತಾಳೆ ಫಲಕದ ಮೇಲೆ ಉಳಿಯಿಂದ ತಮ್ಮ ಗುರುತು ಕೆತ್ತಿ ಪಂಪಿಗೆ ತಿರುಪು ಹಾಕುತ್ತಿದ್ದರು. ಯಾವ ಊರಿನಲ್ಲಿ ಬೆಂಕಿ ಬಿದ್ದು ಯಾವ ಗಾಡಿ ಹೋದರೂ ಅದರೊಳಗೆ ಅಪ್ಪನ ಗುರುತು ಇರುತ್ತಿತ್ತು. ಸಂಜೆ ಪ್ಯಾಸೆಂಜರ್ ರೈಲಿನಲ್ಲಿ ಯಲಹಂಕದಲ್ಲಿ ಇಳಿದು ಮನೆಗೆ ನಡೆದು ಬಂದು ಊಟಕ್ಕೆ ಕೂತಾಗ ಅವರ ಬಲಗೈ ಸಣ್ಣಗೆ ನಡುಗುತ್ತಿರುತ್ತಿತ್ತು. ರೊಟ್ಟಿ ಮುರಿಯುವಾಗ ಜುಣಕದ ಬಟ್ಟಲು ಟಕಟಕ ಅನ್ನುತ್ತಿತ್ತು. ಆ ದಿನ ಒಂದು ಗಾಡಿ ಪಾಸಾಗಿದೆ ಎಂದು ಅವ್ವನಿಗೆ ಅದರಿಂದಲೇ ಗೊತ್ತಾಗುತ್ತಿತ್ತು.

ಮರಿ ಹೇಗೆ ನಮ್ಮ ಮನೆಗೆ ಬಂತು ಎನ್ನುವುದನ್ನು ಈಗಲೇ ಹೇಳಬೇಕು, ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ. ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ನಮೂನೆಯ ಗಾಡಿ ಮೊದಲ ಸಲ ಹೊರಗೆ ಹೋದ ವರ್ಷ, ಎರಕದ ಮನೆಯವರು ಮತ್ತು ಎರಕಕ್ಕೆ ಅಚ್ಚು ಮಾಡಿಕೊಡುವ ಅಚ್ಚಿನ ಮನೆಯವರು ಸೇರಿ ಅದರದ್ದೇ ಒಂದು ಮರಿ ಮಾಡುತ್ತಿದ್ದರು. ಪಂಪು ಎರಕ ಹೊಯ್ದಾಗ ಅಚ್ಚಿನ ಕಾಲುವೆಗಳಲ್ಲಿ ಉಳಿದು ಗಟ್ಟಿಯಾದ ಗನ್ ಮೆಟಲ್ ಎಂಬ ಕಂಚು ಇರುತ್ತದಲ್ಲ, ಮತ್ತೆ ಕುಲುಮೆಗೆ ಹಾಕುವಂಥದ್ದು, ಅದರಲ್ಲಿ ಸ್ವಲ್ಪ ಎತ್ತಿಟ್ಟುಕೊಂಡು ಊಟದ ಬಿಡುವಿನಲ್ಲಿ ಮಾಡುವುದು. ಆಯುಧಪೂಜೆಯ ದಿನ ಕಾರ್ಖಾನೆಯ ಗೇಟು ಪೂರಾ ತೆರೆದಿರುತ್ತಿತ್ತು, ಹೆಂಡತಿ ಮಕ್ಕಳೆಲ್ಲ ಒಳಗೆ ಬರುತ್ತಿದ್ದರು. ದೊಡ್ಡ ಗಾಡಿಯ ಬಾನೆಟ್ಟಿನ ಮೇಲೆ ಮರಿಯನ್ನಿಟ್ಟು ಪೂಜೆ. ಆಮೇಲೆ ಹಳೆಯ ಮಾಲೀಕರು ಒಂದು ಹೆಲ್ಮೆಟ್ಟಿನೊಳಗೆ ಎಲ್ಲರ ಹೆಸರಿನ ಚೀಟಿ ಹಾಕಿ ತಾವೇ ಒಂದನ್ನು ಎತ್ತುತ್ತಿದ್ದರು. ಯಾರ ಹೆಸರು ಬಂತೋ ಅವರ ಮನೆಗೆ ಮರಿ. ಗೇಟಿನಲ್ಲಿ ಕಾವಲುಗಾರ ಪಾಸು ಕೇಳುತ್ತಿರಲಿಲ್ಲ, ಕುಂಕುಮ ಇಡುತ್ತಿದ್ದ. ನನಗೆ ಏಳೋ ಎಂಟೋ ವರ್ಷ ಇದ್ದಾಗ ಅಪ್ಪನ ಹೆಸರು ಬಂತು. ಅಚ್ಚಿನ ಮನೆಯ ಆರೋಗ್ಯಸ್ವಾಮಿ ಮಾಮ, ಅದನ್ನು ಹೆಚ್ಚೂಕಡಿಮೆ ಒಬ್ಬರೇ ಮಾಡಿದವರು, ನನ್ನ ಕೈಗೆ ಅದನ್ನು ಕೊಟ್ಟು, ಬೀಳಿಸಿದರೆ ನೆಲ ಒಡೆಯುತ್ತೆ ಹುಷಾರು ಅಂದಿದ್ದರು.

ಅಂದಿನಿಂದ ಪ್ರತಿ ದಸರೆಗೆ ನಮ್ಮ ಮನೆಯಲ್ಲಿ ಅದಕ್ಕೆ ಪೂಜೆ. ಮೊದಲನೆಯ ವರ್ಷ ಅವ್ವ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೋದಾಗ ಚಕ್ರಕ್ಕಿಂತ ಹಣ್ಣೇ ದೊಡ್ಡದಾಗಿ ಗಾಡಿ ಒಂದು ಕಡೆಗೆ ವಾಲಿತು. ಮನೆಯ ಯಜಮಾನಿ ಮುನಿಯಮ್ಮ, ಆ ಊರಿನಲ್ಲೇ ಹುಟ್ಟಿ ಆ ಊರಿನಲ್ಲೇ ಮದುವೆಯಾದವಳು, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಲಿಗೆ ಹೋಗಿ ನಾಲ್ಕು ಸುಂಡೆಕಾಯಿ ಕಿತ್ತು ತಂದು, ಮರಿ ಗಾಡಿಗೆ ಮರಿ ನಿಂಬೆಅಣ್ಣು ತಗಳವ್ವ, ಅಂದಳು. ಅಪ್ಪ ಗಾಡಿಯನ್ನು ಬೆರಳಿನಿಂದ ತಳ್ಳಿದರು, ನಾಲ್ಕೂ ಕಾಯಿ ಚಿಟ್ ಚಿಟ್ ಎಂದು ಒಡೆದವು. ಅಷ್ಟು ಭಾರ ಅದಕ್ಕೆ.

ನನಗೆ ಹುಚ್ಚು ಹಿಡಿದದ್ದು ಆಮೇಲೆ. ಹುಚ್ಚು ಎಂದೇ ಹೇಳಬೇಕು. ನಾನು ಮನೆಯಲ್ಲಿರುವುದನ್ನೆಲ್ಲ ಇಪ್ಪತ್ತನಾಲ್ಕರಿಂದ ಭಾಗಿಸಲು ಶುರುಮಾಡಿದೆ. ನಮ್ಮ ಮನೆ ಬಿಸ್ಕತ್ತಿನ ಡಬ್ಬಿಯಷ್ಟಾಯಿತು, ಅವ್ವ ನನ್ನ ಬೆರಳಷ್ಟಾದಳು. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಕಂಪನಿಯ ಚರಿತ್ರೆ ಬರೆಯತೊಡಗಿದೆ. ಯಾರೂ ಬರೆ ಅನ್ನಲಿಲ್ಲ, ಹೇಗೆ ಬರೆಯಬೇಕೆಂದೂ ಹೇಳಿಕೊಡಲಿಲ್ಲ. ಭಾನುವಾರ ಯಾರಾದರೂ ಕಾರ್ಖಾನೆಯವರು ಮನೆಗೆ ಬಂದರೆ ಪೆನ್ಸಿಲ್ ಹಿಡಿದು ಮುಂದೆ ಕೂರುವುದು, ಅಷ್ಟೇ. ದಂಡಿನ ಪ್ರದೇಶದಲ್ಲಿ ತಾಮ್ರದ ಹಂಡೆ ತಟ್ಟುತ್ತಿದ್ದ ಒಬ್ಬ ಕಂಚುಗಾರ ಸಿಪಾಯಿಗಳ ಕೈಪಂಪುಗಳನ್ನು ರಿಪೇರಿ ಮಾಡುತ್ತಾ ಮಾಡುತ್ತಾ ತಾನೇ ಒಂದು ಪಂಪು ಮಾಡಿದನಂತೆ, ಕಂಪನಿ ಶುರುವಾದದ್ದು ಅಲ್ಲಿಂದ. ಯುದ್ಧದ ಕಾಲದಲ್ಲಿ ವಿಮಾನದ ಮೈದಾನಗಳಿಗೆ ಎಳೆದುಕೊಂಡು ಹೋಗುವ ಪಂಪುಗಳನ್ನು ಮಾಡಿದರಂತೆ, ಆಗ ಹಗಲೂ ರಾತ್ರಿ ಕುಲುಮೆ ಆರಿಸುತ್ತಿರಲಿಲ್ಲವಂತೆ. ಮೊದಲ ಪೂರಾ ಗಾಡಿ ಹೋದದ್ದು ಒಂದು ಹತ್ತಿ ಗಿರಣಿಗೆ, ಅದರ ಏಣಿ ಮರದ್ದು. ಮೂರು ತಾಸಿನ ಪರೀಕ್ಷೆ ಬಂದದ್ದು ಹೇಗೆಂದರೆ, ಕಂಚುಗಾರನ ಮಗ ಮಾರಿದ ಒಂದು ಪಂಪು ಬೆಂಕಿಯ ಎದುರಿಗೆ ಒಂದು ತಾಸು ಓಡಿ ನಿಂತುಬಿಟ್ಟಿತಂತೆ. ಅವನು ಅಲ್ಲೇ ಇದ್ದನಂತೆ, ಕಣ್ಣಾರೆ ನೋಡಿದನಂತೆ. ಅದನ್ನು ಹೇಳುವಾಗ ಅಪ್ಪ ದನಿ ತಗ್ಗಿಸುತ್ತಿದ್ದರು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನು ಇನ್ನೊಂದು ಪಟ್ಟಿ ಮಾಡಿದ್ದೆ. ಯಾವ ಯಾವ ವರ್ಷದ ಮರಿ ಯಾರ ಯಾರ ಮನೆಯಲ್ಲಿದೆ ಎಂದು. ನಮ್ಮದನ್ನು ಬಿಟ್ಟು ಹನ್ನೊಂದು ಮನೆ. ಬಾಗಲಗುಂಟೆಯಿಂದ ಹೆಬ್ಬಾಳದವರೆಗೆ.

ನಾನು ಏಳನೆಯ ಕ್ಲಾಸಿಗೆ ಬರುವ ಹೊತ್ತಿಗೆ ಕಂಪನಿ ಬೇರೆಯವರ ಕೈಗೆ ಹೋಗಿತ್ತು. ಹೊಸ ಮಾಲೀಕರು ಬೇರೆ ಊರಿನವರು, ಅವರನ್ನು ಯಾರೂ ನೋಡಿರಲಿಲ್ಲ. ಅವರ ಪರವಾಗಿ ಒಬ್ಬ ಮ್ಯಾನೇಜರು ಬಂದರು. ಆಯುಧಪೂಜೆಗೆ ಗೇಟು ತೆರೆಯುವುದು ನಿಂತಿತು. ಆಮೇಲೆ ಮೂರು ತಾಸಿನ ಪರೀಕ್ಷೆ ಅರ್ಧ ತಾಸು ಸಾಕು ಎಂದು ಹೇಳಿಕಳಿಸಿದರು. ಅಪ್ಪ ಆಗುವುದಿಲ್ಲ ಎಂದರು. ಅರ್ಧ ತಾಸಿಗೆ ಪಂಪು ಬಿಸಿಯೇ ಆಗುವುದಿಲ್ಲ, ಬಿಸಿಯಾಗದ ಪಂಪಿನ ಮೇಲೆ ನನ್ನ ಗುರುತು ಹಾಕುವುದಿಲ್ಲ ಎಂದರು. ಮ್ಯಾನೇಜರು ಎರಡು ಸಲ ಕರೆಸಿದರು, ಅಪ್ಪ ಎರಡು ಸಲವೂ ಅದನ್ನೇ ಹೇಳಿ ಬಂದರು. ಇದೆಲ್ಲ ಮನೆಯಲ್ಲಿ ಊಟದ ಹೊತ್ತಿಗೆ ಅರ್ಧರ್ಧ ಮಾತಾಗಿ ಬರುತ್ತಿತ್ತು. ಅವ್ವ, ಗುರುತಿನ ಸಲುವಾಗಿ ಗಂಜಿ ಕಳಕೊಳ್ಳುವವರನ್ನು ನಾನು ನೋಡಿಲ್ಲ ಎಂದು ಗೊಣಗುತ್ತಿದ್ದಳು. ನನಗೆ ಮಾತ್ರ ಅದರ ಕಡೆ ಗಮನವಿರಲಿಲ್ಲ. ನಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇತ್ತು.

ಮೇಷ್ಟ್ರು ಎಲ್ಲರಿಗೂ ಏನಾದರೂ ತನ್ನಿ ಎಂದಿದ್ದರು. ಬೇರೆಯವರು ಜ್ವಾಲಾಮುಖಿ ಮಾಡಿದರು, ಬಲ್ಬು ಹತ್ತಿಸಿದರು. ನಾನು ಮರಿಯನ್ನು ಹೆಗಲಿನ ಚೀಲದಲ್ಲಿ ಹೊತ್ತುಕೊಂಡು ಹೋದೆ. ಅಪ್ಪನನ್ನು ಕೇಳಲಿಲ್ಲ. ಕೇಳಬೇಕು ಎಂದೇ ಹೊಳೆಯಲಿಲ್ಲ, ಇದು ಹೆಮ್ಮೆಯ ವಿಷಯ ತಾನೆ. ದೊಡ್ಡ ಚಾರ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಕಂಪನಿಯ ಚರಿತ್ರೆ ಬರೆದೆ, ಕಂಚುಗಾರನಿಂದ ಹಿಡಿದು. ಕೆಳಗೆ ಎರಡು ಸಾಲು ದಪ್ಪಕ್ಷರದಲ್ಲಿ. ಒಂದು, ಈ ಮಾದರಿಯನ್ನು ಕಂಪನಿಯ ಪಂಪಿಗೆ ಹಾಕುವ ಗನ್ ಮೆಟಲ್‌ನಿಂದಲೇ ಮಾಡಲಾಗಿದೆ. ಎರಡು, ಪ್ರತಿಯೊಂದು ಪಂಪನ್ನೂ ನನ್ನ ತಂದೆ ಮೂರು ಗಂಟೆ ಕಾಲ ನಿಂತು ಪರೀಕ್ಷಿಸುತ್ತಾರೆ. ಅಷ್ಟೇ ಮಾಡಿದ್ದರೂ ಆಗುತ್ತಿತ್ತೇನೋ. ಪ್ರದರ್ಶನಕ್ಕೆ ಒಬ್ಬೊಬ್ಬರನ್ನು ಕರೆಯಬಹುದು ಎಂದು ಮೇಷ್ಟ್ರು ಹೇಳಿದ್ದರಲ್ಲ, ನಾನು ಒಂದು ಪೋಸ್ಟ್ ಕಾರ್ಡಿನ ಮೇಲೆ, ನಿಮ್ಮ ಕಂಪನಿಯ ಚರಿತ್ರೆಯನ್ನು ಪ್ರದರ್ಶಿಸುತ್ತಿದ್ದೇನೆ, ದಯವಿಟ್ಟು ಬಂದು ನೋಡಬೇಕು ಎಂದು ಬರೆದು, ಮ್ಯಾನೇಜರ್ ಸಾಹೇಬರಿಗೆ ಎಂದು ವಿಳಾಸ ಹಾಕಿ ಡಬ್ಬಿಗೆ ಹಾಕಿದೆ.

ಬಂದರು. ಜೀಪಿನಲ್ಲಿ ಬಂದರು. ನಾನು ಏಣಿ ಎಳೆದು ತೋರಿಸಿದೆ, ಪಂಪಿನ ಚಕ್ರ ಊದಿ ತೋರಿಸಿದೆ. ಬಹಳ ಮೃದುವಾಗಿ ಮಾತಾಡಿದರು. ಇದು ಎಲ್ಲಿ ಸಿಕ್ತು ಪುಟ್ಟಿ ಎಂದು ಕೇಳಿದರು, ನಮ್ಮನೇದು ಸರ್ ಎಂದೆ. ಚಾರ್ಟನ್ನು ಎರಡು ಸಲ ಓದಿ, ಜೇಬಿನಿಂದ ಡೈರಿ ತೆಗೆದು ಏನೋ ಬರೆದುಕೊಂಡು, ನನ್ನ ತಲೆ ಸವರಿ ಹೋದರು. ನನಗೆ ಎರಡನೆಯ ಬಹುಮಾನ ಬಂತು.

ಎರಡು ದಿನದ ಮೇಲೆ ಕಂಪನಿಯಿಂದ ಇಬ್ಬರು ಮನೆಗೆ ಬಂದು ಗೂಡಿನಿಂದ ಮರಿಯನ್ನು ತೆಗೆದುಕೊಂಡು ಹೋದರು. ತೆಗೆದುಕೊಂಡು ಹೋಗುತ್ತಿದ್ದೇವೆ ಎಂದು ರಸೀತಿ ಕೊಟ್ಟರು. ಶಾಲೆಗೂ ಹೋಗಿ ಚಾರ್ಟನ್ನು ಬಿಚ್ಚಿಸಿಕೊಂಡಿದ್ದರು. ಅಪ್ಪನಿಗೆ ಒಂದು ಪತ್ರ: ಕಂಪನಿಯ ಲೋಹವನ್ನು ಪಾಸಿಲ್ಲದೆ ಹೊರಗೆ ಸಾಗಿಸಿದ ಆಪಾದನೆ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರುವಂತಿಲ್ಲ, ಸಾಬೀತಾದರೆ ವಜಾ. ಪತ್ರದ ಮಧ್ಯೆ ನನ್ನ ವಾಕ್ಯ ಇತ್ತು, ಇಂಗ್ಲಿಷಿಗೆ ತಿರುಗಿಸಿ ಉದ್ಧರಣ ಚಿಹ್ನೆಯ ಕೊಕ್ಕೆಗಳ ನಡುವೆ ಹಾಕಿದ್ದರು. ಅಪ್ಪ ಅದನ್ನು ನನ್ನ ಕೈಯಲ್ಲೇ ಓದಿಸಿದರು, ಅವರಿಗೆ ಇಂಗ್ಲಿಷು ಅಷ್ಟು ಬರುತ್ತಿರಲಿಲ್ಲ. ಗನ್ ಮೆಟಲ್ ಎನ್ನುವ ಪದ ಬಂದಾಗ ನನ್ನ ನಾಲಿಗೆ ನಿಂತುಹೋಯಿತು. ಅಪ್ಪ ಬಯ್ಯಲಿಲ್ಲ. ಮುಂದ ಓದು ಎಂದರು.

ಅದಾದ ಮೇಲಿನ ದಿನಗಳನ್ನು ಹೇಗೆ ಹೇಳಲಿ. ಅಪ್ಪ ಬೆಳಗ್ಗೆ ಎಂದಿನ ಹೊತ್ತಿಗೇ ಏಳುತ್ತಿದ್ದರು, ಕ್ಷೌರ ಮಾಡಿಕೊಳ್ಳುತ್ತಿದ್ದರು, ರೈಲಿನ ಹೊತ್ತಾದ ಮೇಲೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಮನೆಯಲ್ಲಿ ಹಗಲು ಹೊತ್ತು ಗಂಡಸೊಬ್ಬ ಕೂತಿರುವುದು ನಮಗೆ ಅಭ್ಯಾಸವೇ ಇರಲಿಲ್ಲ, ಅವ್ವ ಕಸ ಗುಡಿಸುವಾಗ ಅವರ ಕಾಲನ್ನು ಸುತ್ತಿ ಗುಡಿಸುತ್ತಿದ್ದಳು. ಗೂಡಿನಲ್ಲಿ ಮರಿ ನಿಂತಿದ್ದ ಜಾಗದಲ್ಲಿ ಎಣ್ಣೆಜಿಡ್ಡಿಲ್ಲದ ಒಂದು ಚೌಕ ಉಳಿದಿತ್ತು. ನಾನು ಆ ಕಡೆ ನೋಡದೆ ಓಡಾಡುತ್ತಿದ್ದೆ. ಯಾರೂ ನನ್ನನ್ನು ಏನೂ ಅನ್ನಲಿಲ್ಲವಲ್ಲ, ಅದು ಇನ್ನೂ ಕಷ್ಟ. ಒಂದೇ ಒಂದು ಸಲ ಅವ್ವ, ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಕಾರ್ಡು ಯಾಕ ಹಾಕಿದಿ ಎಂದು ಕೇಳಿದಳು. ಅವರು ನೋಡಲಿ ಅಂತ, ಎಂದೆ. ಅವಳು ಮತ್ತೆ ಬಡಿಯತೊಡಗಿದಳು.

ಕಾರ್ಖಾನೆಯ ಪದ್ಧತಿಯನ್ನು ಹೇಳಿದರೆ ಅಪ್ಪ ಕಳ್ಳನಲ್ಲ ಎಂದು ಗೊತ್ತಾಗುತ್ತಿತ್ತು. ಆದರೆ ಹಳೆಯ ಮಾಲೀಕರು ತೀರಿಕೊಂಡಿದ್ದರು, ಚೀಟಿ ಎತ್ತಿದ್ದಕ್ಕೆ ಒಂದು ಕಾಗದವೂ ಇರಲಿಲ್ಲ. ಪದ್ಧತಿ ಇತ್ತು ಎಂದು ತೋರಿಸಬೇಕಾದರೆ ಉಳಿದ ಹನ್ನೊಂದು ಮರಿಗಳನ್ನು ತೋರಿಸಬೇಕು. ಆ ಹನ್ನೊಂದು ಮನೆಗಳ ಪಟ್ಟಿ ಇಡೀ ಪ್ರಪಂಚದಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಇತ್ತು. ಮರಿಯನ್ನು ಒಯ್ದ ದಿನವೇ ನಾನು ಅದನ್ನು ಮುನಿಯಮ್ಮನ ದನದ ಕೊಟ್ಟಿಗೆಗೆ ಒಯ್ದಿದ್ದೆ. ಅವಳು ಏನು ಎತ್ತ ಎಂದು ಕೇಳದೆ ಬೆರಣಿ ಒಟ್ಟಿದ ಕಡೆ ತೋರಿಸಿ ಹೇಳಿದಳು:

"ಅದರ ವಟ್ಟೇಗೆ ಇಕ್ಕು ಮೊಗಾ. ಇಲ್ಲಿಗೆ ಪ್ಯಾಂಟಾಕ್ದೋನು ಯಾವೋನೂ ಕೈ ಇಕ್ಕಕಿಲ್ಲ."

ಪಟ್ಟಿಯ ವಿಷಯ ಅವ್ವನಿಗೆ ಗೊತ್ತಿತ್ತು. ಒಂದು ಸಂಜೆ ಅವಳು ಅಪ್ಪನೆದುರು ನಿಂತೇಬಿಟ್ಟಳು. ಅವರಿಬ್ಬರೂ ಜಗಳವಾಡುವುದನ್ನು ನಾನು ಅದಕ್ಕೆ ಮೊದಲು ಕೇಳಿದ್ದೆ, ಆದರೆ ಇಷ್ಟು ಸಣ್ಣ ದನಿಯಲ್ಲಿ ಕೇಳಿರಲಿಲ್ಲ.

"ಹನ್ನೊಂದು ಮಂದಿ ಹೆಸರು ಹೇಳ್ರಿ. ಹನ್ನೆರಡು ಮಂದೀನ ಕೂಡೇ ಹೊರಗ ಹಾಕಾಕ ಆಗೂದಿಲ್ಲ ಅವರಿಗೆ."

"ಆಗ್ತೈತಿ. ಅವರಿಗೆ ಬೇಕಾಗಿದ್ದ ಅದು."

"ಮತ್ತ ನಾವು?"

ಅಪ್ಪ ಎದ್ದರು. ಅಂಗಿ ಹಾಕಿಕೊಂಡು ಕೆರೆಯ ಕಡೆ ನಡೆದು ಹೋದರು.

ಮರುದಿನ ಆರೋಗ್ಯಸ್ವಾಮಿ ಮಾಮ ಬಂದರು. ಯಾವಾಗಲೂ ಬರುತ್ತಲೇ ನನ್ನ ಜಡೆ ಎಳೆದು, ಏನ್ ಹಿಸ್ಟರಿ ಮೇಡಂ ಅನ್ನುತ್ತಿದ್ದವರು ಅಂದು ಚಪ್ಪಲಿ ಬಿಟ್ಟು ಗೋಡೆಗೊರಗಿ ಕೂತರು. ಅವ್ವ ಕೊಟ್ಟ ಚಹಾ ಆರಿಹೋಯಿತು. ಅವರ ಮನೆಯಲ್ಲಿ ಒಂದಲ್ಲ, ಎರಡು ಮರಿ ಇದ್ದವು, ಒಂದು ಚೀಟಿಯಲ್ಲಿ ಬಂದದ್ದು, ಇನ್ನೊಂದು ಚೀಟಿಯಿಲ್ಲದೆ ತಾವೇ ಮಾಡಿಟ್ಟುಕೊಂಡದ್ದು; ಮೂರು ಜನ ಹೆಣ್ಣುಮಕ್ಕಳಿದ್ದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಮಚ್ಚಾ, ನನ್ ಹೆಸ್ರು ಹೇಳ್ಬಿಡು. ಮಾಡ್ದೋನು ನಾನು, ಮೆಟಲ್ ಎತ್ತಿದ್ದೂ ನಾನು. ನೀನ್ ಬರೀ ಇಸ್ಕೊಂಡೋನು ಅಷ್ಟೇ."

"ನಿನ್ನ ಹೆಸರು ಹೇಳಿದ್ರ ನಿನ್ನ ಮನೀಗೆ ಬರ್ತಾರ. ನಿನ್ನ ಮನ್ಯಾಗ ಎರಡು ಅದಾವು. ಎರಡನೇದು ಯಾವಾಗಿಂದು ಅಂತ ಕೇಳ್ತಾರ. ಸುಮ್ನ ಚಾ ಕುಡಿ."

ಮಾಮ ಕುಡಿದರು. ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಪಟ್ಟಿ ಎಲ್ಲಿದೆ ಎಂದು ಕೇಳಿದ ಹಾಗೇ ಇತ್ತು ಆ ನೋಟ. ಅವರು ತಿರುವು ದಾಟುವಷ್ಟರಲ್ಲಿ ನಾನು ಕೊಟ್ಟಿಗೆಗೆ ಓಡಿ ನೋಟ್‌ಬುಕ್ಕನ್ನು ಎಳೆದುಕೊಂಡು, ಮುನಿಯಮ್ಮನ ಬಚ್ಚಲ ಒಲೆಗೆ ಹಾಕಿದೆ. ಪೂರಾ ಹಾಕಿದೆ, ಕೊನೆಯ ಪುಟ ಹರಿದರೆ ಸಾಕಿತ್ತು ಎಂದು ಹೊಳೆದದ್ದು ರಟ್ಟು ಮುದುಡಿಕೊಂಡ ಮೇಲೆ. ಕಂಚುಗಾರ, ಯುದ್ಧದ ಪಂಪುಗಳು, ಮರದ ಏಣಿ, ಎಲ್ಲವೂ ಒಂದು ಹಂಡೆ ನೀರು ಉಗುರುಬೆಚ್ಚಗಾಗುವಷ್ಟು ಉರಿದವು.

ವಿಚಾರಣೆಯ ಪತ್ರ ಬಂತು. ಚಾರ್ಟು ಬರೆದ ಮಗಳನ್ನೂ ಕರೆತರಬೇಕು ಎಂದಿತ್ತು. ಅಂದು ಬೆಳಗ್ಗೆ ಅವ್ವ ನನಗೆ ಎರಡು ಜಡೆ ಹಾಕಿ, ಯೂನಿಫಾರಂ ತೊಡಿಸಿದಳು. ರೈಲಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ನಾಲ್ಕು ದಿನದಿಂದ ಒಂದು ಯೋಚನೆಯನ್ನು ಬೆಳೆಸಿಕೊಂಡಿದ್ದೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಅವರ ಕೈಯಲ್ಲಿರುವ ಸಾಕ್ಷಿ ನನ್ನ ವಾಕ್ಯ ಒಂದೇ. ವಾಕ್ಯ ಬರೆದವಳು ನಾನು. ನಾನೇ ಅದನ್ನು ಸುಳ್ಳು ಎಂದರೆ? ಹನ್ನೊಂದು ಮನೆಗಳ ಹೆಸರು ಬರುವುದಿಲ್ಲ, ಅಪ್ಪನ ಕೆಲಸವೂ ಉಳಿಯುತ್ತದೆ. ಎಷ್ಟು ಸುಲಭ ಎನ್ನಿಸಿತ್ತು. ಮಲ್ಲೇಶ್ವರದ ಗುಜರಿ ಅಂಗಡಿಯಲ್ಲಿ ತೂಕದ ಹಳೆಯ ಬಟ್ಟು ಮಾರುತ್ತಾರಲ್ಲ, ಅಂಥದ್ದನ್ನು ಕರಗಿಸಿ ಮಾಡಿದ್ದು ಎಂದು ಹೇಳುವುದು ಎಂದು ಕೂಡ ತೀರ್ಮಾನಿಸಿದ್ದೆ.

ಆಫೀಸಿನ ಒಂದು ಉದ್ದನೆಯ ಮೇಜಿನ ಮೇಲೆ ಮರಿ ನಿಂತಿತ್ತು, ಕುತ್ತಿಗೆಗೆ ನಂಬರಿನ ಚೀಟಿ ಕಟ್ಟಿದ್ದರು. ಗೋಡೆಗೆ ನನ್ನ ಚಾರ್ಟು. ಮ್ಯಾನೇಜರು ಒಂದು ಕಡೆ, ವಿಚಾರಣೆ ಮಾಡಲು ಹೊರಗಿನಿಂದ ಬಂದ ವಕೀಲರು ಮಧ್ಯೆ. ವಕೀಲರು ವಯಸ್ಸಾದವರು, ನನಗೆ ಕುರ್ಚಿ ಹಾಕಿಸಿದರು. ಅಪ್ಪನನ್ನು ಎಲ್ಲಿಂದ ಬಂತು ಎಂದು ಮೂರು ಸಲ ಕೇಳಿದರು. ಅಪ್ಪ ಮೂರು ಸಲವೂ ಹೇಳುವುದಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಕೈಬರಹ ನಿಂದೇನಮ್ಮ, ಎಷ್ಟು ಚೆನ್ನಾಗಿದೆ, ಎಂದು ಮೊದಲು ಹೊಗಳಿ, ಗನ್ ಮೆಟಲ್ ಎಂದು ಬರೆದಿದ್ದನ್ನು ಬೆರಳಿಟ್ಟು ತೋರಿಸಿದರು.

"ಇದು ಸುಳ್ಳು ಸರ್. ಬಹುಮಾನ ಬರ್ಲಿ ಅಂತ ನಾನೇ ಸೇರಿಸಿ ಬರ್ದೆ."

ಅಪ್ಪ ತಟ್ಟನೆ ನನ್ನ ಕಡೆ ನೋಡಿದರು. ಮ್ಯಾನೇಜರು ಏನೋ ಹೇಳಲು ಹೋದರು, ವಕೀಲರು ಕೈಯಲ್ಲೇ ತಡೆದರು. ನಗುನಗುತ್ತಲೇ ಅವರು ಚಾರ್ಟಿನ ಮೇಲ್ತುದಿಗೆ ಹೋದರು. ಹಾಗಾದ್ರೆ ಈ ಕಂಚುಗಾರ, ಇದು ನಿಜಾನ? ನಾನು ಒಂದು ಕ್ಷಣ ಯೋಚಿಸಿದೆ. ಒಂದು ಸಾಲು ನಿಜ ಎಂದರೆ ಉಳಿದದ್ದೂ ನಿಜ ಎನ್ನುತ್ತಾರೆ, ಯಾರು ಹೇಳಿದರು ಎಂದು ಕೇಳುತ್ತಾರೆ, ಹೆಸರುಗಳು ಬರುತ್ತವೆ. ಸುಳ್ಳು ಸರ್, ಎಂದೆ. ಯುದ್ಧದ ಪಂಪು? ಸುಳ್ಳು. ಹತ್ತಿ ಗಿರಣಿ, ಮರದ ಏಣಿ? ಸುಳ್ಳು ಸರ್, ಎಲ್ಲಾ ನಾನೇ ಕಲ್ಪಿಸಿ ಬರ್ದೆ. ಹೇಳುತ್ತಾ ಹೇಳುತ್ತಾ ಒಂದು ಓಟ ಸಿಕ್ಕಿಬಿಟ್ಟಿತ್ತು. ಇಳಿಜಾರಿನಲ್ಲಿ ಓಡುವಾಗ ಕಾಲು ತಾನೇ ಮುಂದೆ ಹೋಗುತ್ತದಲ್ಲ, ಹಾಗೆ. ಅಪ್ಪ ಉಳಿಯುತ್ತಿದ್ದಾರೆ, ಇನ್ನೊಂದು, ಇನ್ನೊಂದೇ ಎಂದುಕೊಳ್ಳುತ್ತಿದ್ದೆ. ವಕೀಲರ ಬೆರಳು ಕೊನೆಯ ಸಾಲಿಗೆ ಬಂತು.

"ಪ್ರತಿ ಪಂಪನ್ನೂ ಮೂರು ಗಂಟೆ ಪರೀಕ್ಷೆ ಮಾಡ್ತಾರೆ ಅಂತಿದೆ. ಇದು?"

"ಬ್ಯಾಡ ತಂಗಿ," ಎಂದರು ಅಪ್ಪ.

ನನಗೆ ಅದು ಬೇರೆಯೇ ಆಗಿ ಕೇಳಿಸಿತು. ತಮ್ಮ ಸಲುವಾಗಿ ಸುಳ್ಳು ಹೇಳಬೇಡ ಎನ್ನುತ್ತಿದ್ದಾರೆ ಎಂದುಕೊಂಡೆ. ಅಪ್ಪನ ಮಾತು ಮೀರುತ್ತಿದ್ದೇನೆ ಎನ್ನುವ ಹೆಮ್ಮೆ ಕೂಡ ಬಂದಿತ್ತು.

"ಅದೂ ಸುಳ್ಳು ಸರ್."

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡರು. ಆ ಕೋಣೆಯಲ್ಲಿ ಅವರು ಅಲ್ಲಿಯವರೆಗೆ ಏನನ್ನೂ ಬರೆದುಕೊಂಡಿರಲಿಲ್ಲ. ನಾನು ಆ ಪೆನ್ನನ್ನೇ ನೋಡಿದೆ. ಏನೋ ಆಯಿತು ಎಂದು ಗೊತ್ತಾಯಿತು, ಏನು ಎಂದು ಗೊತ್ತಾಗಲಿಲ್ಲ. ಅಪ್ಪ ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. ಅವರು ಎದ್ದು, ಹುಡುಗಿ ಸುಳ್ಳು ಹೇಳುತ್ತಿದ್ದಾಳೆ, ಪರೀಕ್ಷೆ ನಿಜ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಲೋಹವೂ ನಿಜವಾಗುತ್ತಿತ್ತು, ಆರೋಗ್ಯಸ್ವಾಮಿ ಮಾಮನಿಂದ ಹಿಡಿದು ಬಾಗಲಗುಂಟೆಯವರೆಗೆ ಎಲ್ಲ ಮನೆಗಳ ಬಾಗಿಲು ಬಡಿಯುತ್ತಿದ್ದರು. ವಕೀಲರು ನೀವೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅಪ್ಪ ಇಲ್ರೀ ಎಂದರು. ಬಲಗೈಯನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಹದಿನೈದು ದಿನದ ಮೇಲೆ ತೀರ್ಪು ಬಂತು. ಅದನ್ನೂ ನಾನೇ ಓದಿದೆ. ಕಳ್ಳತನ ಸಾಬೀತಾಗಿಲ್ಲ, ಹುಡುಗಿ ಅತಿಯಾಗಿ ಕಲ್ಪಿಸಿಕೊಳ್ಳುವ ಸ್ವಭಾವದವಳು ಎಂದಿತ್ತು. ಆದರೆ ಪರೀಕ್ಷೆಗಳು ದಾಖಲೆಯಲ್ಲಿರುವಂತೆ ನಡೆದಿಲ್ಲ ಎಂಬ ಸಂಶಯ ಪರೀಕ್ಷಕನ ಮನೆಯವರಿಂದಲೇ ಬಂದಿರುವುದರಿಂದ, ಆತನನ್ನು ಪರೀಕ್ಷೆಯ ಕೆಲಸದಿಂದ ಬಿಡಿಸಿ ಉಗ್ರಾಣಕ್ಕೆ ಹಾಕಲಾಗಿದೆ. ಇನ್ನು ಮುಂದೆ ಆತನ ಗುರುತು ಯಾವ ಪಂಪಿನ ಮೇಲೂ ಇರತಕ್ಕದ್ದಲ್ಲ. ಅವರು ಇಷ್ಟು ದಿನ ಅಪ್ಪನಿಂದ ಕಿತ್ತುಕೊಳ್ಳಲಾಗದೆ ಇದ್ದದ್ದನ್ನು ನಾನು ಕುರ್ಚಿಯ ಮೇಲೆ ಕೂತು, ಎರಡು ಜಡೆ ಹಾಕಿಕೊಂಡು, ಕೊಟ್ಟು ಬಂದಿದ್ದೆ. ಮರಿ ವಾಪಸು ಬರಲಿಲ್ಲ. ಕುಲುಮೆಗೆ ಹಾಕಿದರು ಎಂದು ಆರೋಗ್ಯಸ್ವಾಮಿ ಮಾಮ ಆಮೇಲೆ ಹೇಳಿದರು.

ಕೆಲಸ ಉಳಿಯಿತಲ್ಲ ಎಂದು ಅವ್ವ ಅಂದು ಗೋಧಿ ಹುಗ್ಗಿ ಮಾಡಿದಳು. ತುಪ್ಪ ಹಾಕುತ್ತಾ, ಉಗ್ರಾಣದಲ್ಲಿ ಕೂತು ಮಾಡುವ ಕೆಲಸ, ಇನ್ನು ಕೈ ನಡುಗುವುದಿಲ್ಲ ಎಂದು ಅಪ್ಪನನ್ನು ಸಮಾಧಾನ ಮಾಡಿದಳು. ಅಪ್ಪ ತಲೆಯಾಡಿಸಿ ಪೂರಾ ಉಂಡರು, ಒಂದು ಅಗುಳೂ ಬಿಡದೆ ತಾಟು ಒರೆಸಿದರು. ನಾನು ಎದುರಿಗೆ ಕೂತಿದ್ದೆ. ನನ್ನಿಂದ ಹೀಗಾಯಿತು ಎಂದು ಹೇಳಲು ಬಾಯಿ ತೆರೆದೆ, ಅಪ್ಪ ಅದಕ್ಕೆ ಮೊದಲೇ ಮಾತಾಡಿದರು. ನನ್ನ ಮೇಲೆ ಸಿಟ್ಟಿರಲಿಲ್ಲ, ಅವರ ದನಿ ಬೇರೆ ಎಲ್ಲೋ ಇತ್ತು.

"ನಾಳಿಂದ ಹೋಗು ಗಾಡಿಗೋಳು ಅದಾವಲ್ಲ ತಂಗಿ. ಅವುಕ್ಕ ಯಾರು ನಿಂತಿದ್ರು, ಎಷ್ಟೊತ್ತು ನಿಂತಿದ್ರು, ನನಗ ಗೊತ್ತಿರೂದಿಲ್ಲ."

ಅಷ್ಟೇ ಹೇಳಿ ಕೈ ತೊಳೆಯಲು ಎದ್ದರು. ಕಾರ್ಖಾನೆ ಆಮೇಲೂ ಕೆಲವು ವರ್ಷ ನಡೆಯಿತು, ಗಾಡಿಗಳು ಹೋಗುತ್ತಲೇ ಇದ್ದವು, ಅರ್ಧ ತಾಸಿನ ಗಾಡಿಗಳು. ನಮ್ಮ ಮನೆ ಬಳ್ಳಾರಿ ರಸ್ತೆಗೆ ಹತ್ತಿರ. ಹೆಬ್ಬಾಳದ ಕಡೆಯಿಂದ ಗಂಟೆ ಬಾರಿಸಿಕೊಂಡು ಒಂದು ಫೈರ್ ಎಂಜಿನ್ನು ಯಲಹಂಕದ ಕಡೆ ಓಡಿದರೆ ಅಪ್ಪ ಊಟದ ನಡುವೆ ನಿಲ್ಲಿಸುತ್ತಿದ್ದರು. ಬಾಯಲ್ಲಿದ್ದದ್ದನ್ನು ಅಗಿಯುತ್ತಿರಲಿಲ್ಲ. ಗಂಟೆಯ ಸದ್ದು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಇಲ್ಲವಾದ ಮೇಲೂ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದರು. ಅದು ಅಲ್ಲಿಗೆ ಮುಟ್ಟುವ ಹೊತ್ತು, ಪೈಪು ಬಿಚ್ಚುವ ಹೊತ್ತು, ಪಂಪು ಬಿಸಿಯಾಗುವ ಹೊತ್ತು, ಎಲ್ಲ ಅವರಿಗೆ ಗೊತ್ತಿತ್ತು. ತಣ್ಣಗಾದ ಅನ್ನವನ್ನು ಅವ್ವ ಬದಲಿಸಲು ಬಂದರೆ ಬೇಡ ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಎದುರಿಗೆ ನಾನು ನನ್ನ ತಟ್ಟೆಯನ್ನು ಮುಟ್ಟದೆ, ಅವರ ಮುಖವನ್ನೂ ನೋಡಲಾಗದೆ, ಆ ಗಾಡಿ ಮೂರು ತಾಸು ಓಡಲಿ, ಹೇಗಾದರೂ ಓಡಲಿ ಎಂದುಕೊಳ್ಳುತ್ತಾ ಕೂತಿರುತ್ತಿದ್ದೆ.